ಇನ್ನೊಬ್ಬರ ಹಾಡಿನ ಋಣ

ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುವವರಿಗೆ ಎರಡು ಪ್ರಶ್ನೆಗಳು ತಪ್ಪಿದ್ದಲ್ಲ. ‘ಎಲ್ಲರ ಗಿಟಾರಿಗೂ ಆರು ತಂತಿ ಇರುತ್ತೆ, ನಿಮ್ಮದಕ್ಕೆ ಯಾಕೆ ನಾಲ್ಕೇ?’ ಎಂಬುದು ಮೊದಲನೆಯದು. ಕೆಳಗಿನ ಸ್ವರಗಳಿಗೆ ದಪ್ಪ ತಂತಿ ಬೇಕು, ನಾಲ್ಕು ಸಾಕು ಎಂದರೆ ಅವರೂ ಒಪ್ಪುತ್ತಾರೆ, ನಾನೂ ಬಚಾವು. ಎರಡನೆಯದು ಅಷ್ಟು ಸುಲಭಕ್ಕೆ ಬಿಡುವುದಿಲ್ಲ: ‘ಎಷ್ಟು ವರ್ಷ ಅಂತ ಬೇರೆಯವರ ಹಾಡು ನುಡಿಸ್ತೀರಿ? ನಿಮ್ಮದೇ ಅಂತ ಒಂದು ಯಾವಾಗ?’

ಕೇಳುವವರಲ್ಲಿ ಕೆಡುಕಿಲ್ಲ. ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ಪ್ರಶ್ನೆಯೊಳಗೆ ಒಂದು ತೀರ್ಪು ಅಡಗಿದೆ. ಸ್ವಂತದ್ದು ಮೇಲು, ಇನ್ನೊಬ್ಬರದನ್ನು ಮತ್ತೆ ನುಡಿಸುವುದು ಕೀಳು. ಎರಡನೆಯದಕ್ಕೆ ಬೆಲೆ ಬರುವುದು ಅದು ಮೊದಲನೆಯದಕ್ಕೆ ಮೆಟ್ಟಿಲಾದಾಗ ಮಾತ್ರ ಎಂಬುದೇ ಆ ತೀರ್ಪು. ಇದು ಸರಿಯೇ? ಒಂಬತ್ತು ವರ್ಷದಿಂದ ಶಿವಮೊಗ್ಗ, ಭದ್ರಾವತಿಗಳ ಪೆಂಡಾಲುಗಳಲ್ಲಿ ಬೇರೆಯವರ ಹಾಡುಗಳನ್ನೇ ನುಡಿಸಿಕೊಂಡು ಬಂದಿರುವ ನನಗೆ ಇದನ್ನು ಯೋಚಿಸದೆ ವಿಧಿಯಿಲ್ಲ.

ನಮ್ಮ ಕಡೆ ‘ಕವರ್ ಬ್ಯಾಂಡ್’ ಎಂದರೆ ಬಹಳ ಜನಕ್ಕೆ ಅರ್ಥವಾಗದು, ‘ಆರ್ಕೆಸ್ಟ್ರಾ’ ಎಂದರೆ ಎಲ್ಲರಿಗೂ ಗೊತ್ತು. ಕರಪತ್ರದಲ್ಲಿ ಅದರ ಹೆಸರು ‘ರಸಮಂಜರಿ ಕಾರ್ಯಕ್ರಮ’. ಗಣಪತಿ ಹಬ್ಬಕ್ಕೆ ಶುರುವಾದರೆ ದಸರಾ, ನವೆಂಬರ್ ಪೂರ್ತಿ ಆಟೋ ಸ್ಟ್ಯಾಂಡುಗಳ ರಾಜ್ಯೋತ್ಸವ, ಆಮೇಲೆ ಊರೂರಿನ ಜಾತ್ರೆ. ಶಿವಮೊಗ್ಗದಲ್ಲಿ ಎರಡು ವರ್ಷಕ್ಕೊಮ್ಮೆ ಕೋಟೆ ಮಾರಿಕಾಂಬೆಯ ಜಾತ್ರೆ ಬರುತ್ತದೆ. ಒಂದು ಕೀಬೋರ್ಡ್, ಒಂದು ರಿದಂ ಪ್ಯಾಡ್, ತಬಲಾ ಅಥವಾ ಡೋಲಕ್, ಒಂದು ಲೀಡ್ ಗಿಟಾರ್, ನಾನು, ನಾಲ್ಕು ಜನ ಗಾಯಕರು, ಒಬ್ಬ ನಿರೂಪಕ. ಗಣಪತಿ ಸಮಯದ ಮಳೆಗೆ ತಾಡಪಾಲು ಸೋರುತ್ತದೆ, ಮೈಕು ಮುಟ್ಟಿದರೆ ಒಮ್ಮೊಮ್ಮೆ ಕರೆಂಟು ಹೊಡೆಯುತ್ತದೆ. ರಾತ್ರಿ ಹತ್ತಾಗುತ್ತಿದ್ದಂತೆ ಪೊಲೀಸರು ಗಡಿಯಾರ ತೋರಿಸುತ್ತಾರೆ. ಸಿಗುವ ದುಡ್ಡು ಪೆಟ್ರೋಲಿಗೆ, ಊಟಕ್ಕೆ, ವರ್ಷಕ್ಕೊಂದು ಸೆಟ್ ತಂತಿಗೆ ಸರಿಹೋಗುತ್ತದೆ. ಅದಕ್ಕೇ ನಾವು ಹವ್ಯಾಸಿಗಳು.

ಎರಡೂ ಊರುಗಳ ನಡುವೆ ಇಪ್ಪತ್ತು ಕಿಲೋಮೀಟರೂ ಇಲ್ಲ, ಆದರೆ ಬರುವ ಚೀಟಿಗಳು ಬೇರೆ. ಭದ್ರಾವತಿ ಕಾರ್ಖಾನೆಯ ಊರು. 1923ರಲ್ಲಿ ಅಲ್ಲಿ ಕಬ್ಬಿಣ ತಯಾರಿಕೆ ಶುರುವಾಯಿತು. 1936ರಲ್ಲಿ ಮೈಸೂರು ಪೇಪರ್ ಮಿಲ್ಸ್ ಸ್ಥಾಪನೆಯಾಯಿತು. ಕೆಲಸ ಹುಡುಕಿಕೊಂಡು ತಮಿಳುನಾಡು, ಆಂಧ್ರ, ಕೇರಳಗಳಿಂದ ಬಂದವರು ಅಲ್ಲೇ ನೆಲೆ ನಿಂತರು. ಹಾಗಾಗಿ ಶಿವಮೊಗ್ಗದಲ್ಲಿ ರಾಜನ್–ನಾಗೇಂದ್ರ, ಹಂಸಲೇಖ ಎಂದು ಚೀಟಿ ಬಂದರೆ ಭದ್ರಾವತಿಯಲ್ಲಿ ಅವುಗಳ ಜೊತೆಗೆ ಎರಡು ತಮಿಳು ಹಾಡಿನ ಚೀಟಿಯೂ ಬಂದೇ ಬರುತ್ತದೆ. ಮನೆಯಲ್ಲಿ ಅಪ್ಪ ಕೇಳುತ್ತಿದ್ದ ಹಾಡು ಅದು ಎಂದು ಬರೆದಿರುತ್ತಾರೆ. ‘ಹೊಸದಾಗಿ ನೀವೇ ಮಾಡಿದ ಹಾಡು ನುಡಿಸಿ’ ಎಂಬ ಚೀಟಿ ನನ್ನ ಕೈಗೆ ಇದುವರೆಗೆ ಬಂದಿಲ್ಲ.

ಹಗಲಿನಲ್ಲಿ ನಾನು ಸಂಶೋಧನಾ ವಿದ್ಯಾರ್ಥಿ. ಅಲ್ಲಿ ನಿಯಮ ತಿರುಗುಮುರುಗು. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿಯ ಪ್ರಕಾರ ಪ್ರಬಂಧದಲ್ಲಿ ಇತರರ ಬರಹದೊಂದಿಗಿನ ಹೋಲಿಕೆ ಶೇಕಡಾ 10 ದಾಟಿದರೆ ತೊಂದರೆ ಶುರು. ರಾತ್ರಿ ವೇದಿಕೆಯ ಮೇಲೆ ಹೋಲಿಕೆ ಶೇಕಡಾ 100 ಇದ್ದರೆ ಚಪ್ಪಾಳೆ, ತೊಂಬತ್ತಕ್ಕೆ ಇಳಿದರೆ ‘ಏನ್ರೀ, ಬೇರೆ ತರ ನುಡಿಸಿದ್ರಲ್ಲ’ ಎಂಬ ದೂರು. ಒಂದೇ ಮನುಷ್ಯ ಹಗಲು ಕಳ್ಳನೂ ರಾತ್ರಿ ಕಲಾವಿದನೂ ಆಗುವುದು ಹೇಗೆ? ಎರಡರಲ್ಲಿ ಒಂದು ಕಡೆ ನಾವು ತಪ್ಪು ತಿಳಿದಿರಬೇಕು. ಇಲ್ಲವೇ ನಕಲು ಎಂಬ ಒಂದೇ ಪದದಲ್ಲಿ ಹಲವು ಬೇರೆ ಬೇರೆ ಸಂಗತಿಗಳನ್ನು ತುಂಬಿರಬೇಕು.

ನಕಲಿನ ಮೇಲಿನ ಅನುಮಾನ ಹಳೆಯದು. ಪ್ಲೇಟೋ ‘ರಿಪಬ್ಲಿಕ್’ನ ಹತ್ತನೆಯ ಭಾಗದಲ್ಲಿ ಮಂಚದ ಉದಾಹರಣೆ ಕೊಡುತ್ತಾನೆ. ಮಂಚದ ಮೂಲರೂಪ ಒಂದು, ಬಡಗಿ ಮಾಡಿದ್ದು ಅದರ ನಕಲು, ಚಿತ್ರಕಾರ ಬರೆದದ್ದು ನಕಲಿನ ನಕಲು. ಆ ಲೆಕ್ಕದಲ್ಲಿ ಕ್ಯಾಸೆಟ್ಟಿನ ಹಾಡನ್ನು ಕೇಳಿ ನುಡಿಸುವ ನಾವು ಸಾಲಿನ ಕೊನೆಯಲ್ಲಿ ನಿಂತವರು.

ನಮ್ಮ ಕಾವ್ಯಮೀಮಾಂಸೆಯಲ್ಲಿ ಇದೇ ಜಗಳ ಇನ್ನಷ್ಟು ಸ್ವಾರಸ್ಯವಾಗಿ ನಡೆದಿದೆ. ಶ್ರೀಶಂಕುಕನ ಪ್ರಕಾರ ನಟ ಪಾತ್ರದ ಭಾವವನ್ನು ಅನುಕರಿಸುತ್ತಾನೆ, ಪ್ರೇಕ್ಷಕ ಆ ಲಕ್ಷಣಗಳಿಂದ ಭಾವವನ್ನು ಅನುಮಾನಿಸಿಕೊಳ್ಳುತ್ತಾನೆ. ಅದಕ್ಕೆ ಅವನು ಕೊಡುವುದು ಚಿತ್ರತುರಗದ ಹೋಲಿಕೆ. ಗೋಡೆಯ ಮೇಲೆ ಬರೆದ ಕುದುರೆಯನ್ನು ನೋಡಿ ‘ಇದು ಕುದುರೆ’ ಎನ್ನುವಾಗ ನಾವು ಮೋಸ ಹೋಗಿರುವುದಿಲ್ಲ, ಹಾಗೆಂದು ‘ಇದು ಕುದುರೆಯಲ್ಲ’ ಎಂದೂ ಹೇಳುವುದಿಲ್ಲ. ಆರ್ಕೆಸ್ಟ್ರಾದ ಪ್ರೇಕ್ಷಕರು ನನಗೆ ಅರ್ಥವಾದದ್ದು ಈ ಮಾತಿನಿಂದ. ನಮ್ಮ ಗಾಯಕ ಎಸ್ಪಿಬಿ ಎಂದು ಯಾರೂ ನಂಬುವುದಿಲ್ಲ, ಎಸ್ಪಿಬಿ ಅಲ್ಲವಲ್ಲ ಎಂದು ಯಾರೂ ಎದ್ದು ಹೋಗುವುದೂ ಇಲ್ಲ.

ಶಂಕುಕನ ವಾದವನ್ನು ಮುರಿದವನು ಅಭಿನವಗುಪ್ತನ ಗುರು ಭಟ್ಟತೌತ. ಅವನು ಕೇಳುವುದು ನೇರ ಪ್ರಶ್ನೆ: ಅನುಕರಿಸಬೇಕಾದರೆ ಮೂಲವನ್ನು ಕಂಡಿರಬೇಕಲ್ಲ, ರಾಮನ ದುಃಖವನ್ನು ಯಾವ ನಟ ಕಂಡಿದ್ದಾನೆ? ಅಭಿನವಗುಪ್ತ ಅದನ್ನು ಮುಂದುವರಿಸಿ, ನಾಟ್ಯ ಅನುಕರಣವಲ್ಲ, ಅನುಕೀರ್ತನ ಎಂಬ ಭರತನ ಮಾತನ್ನು ಎತ್ತಿ ಹಿಡಿಯುತ್ತಾನೆ. ಮತ್ತೆ ಹೇಳುವುದು, ಹೇಳುತ್ತ ಇನ್ನೊಮ್ಮೆ ಆಗಗೊಡುವುದು.

ಈ ವಾದ ನಟನಿಗೆ ಒಪ್ಪುತ್ತದೆ, ನಮಗೆಲ್ಲಿ ಒಪ್ಪುತ್ತದೆ ಎಂದು ಮೊದಲು ಅನ್ನಿಸಿತ್ತು. ರಾಮನನ್ನು ಯಾರೂ ಕಂಡಿಲ್ಲ ನಿಜ, ಆದರೆ ಹಾಡನ್ನು ಎಲ್ಲರೂ ಕೇಳಿದ್ದಾರಲ್ಲ? ಮೂಲ ನಮ್ಮ ಮುಂದೆಯೇ ಇದೆಯಲ್ಲ?

ನಿಜವಾಗಿಯೂ ಕೇಳಿದ್ದಾರೆಯೇ? ಬೇಸ್ ಗಿಟಾರಿನ ಅತಿ ಕೆಳಗಿನ ತಂತಿಯ ಕಂಪನ ಸೆಕೆಂಡಿಗೆ ಸುಮಾರು 41. ನಮ್ಮ ಅಪ್ಪ ಅಮ್ಮಂದಿರು ಭದ್ರಾವತಿ ಆಕಾಶವಾಣಿಯಲ್ಲಿ ಚಿತ್ರಗೀತೆ ಕೇಳುತ್ತಿದ್ದ ಟ್ರಾನ್ಸಿಸ್ಟರ್ ರೇಡಿಯೋದ ಪುಟ್ಟ ಸ್ಪೀಕರಿಗೆ 150ರ ಕೆಳಗಿನ ಕಂಪನಗಳನ್ನು ಹೊರಡಿಸುವುದು ಬಲು ಕಷ್ಟ. ಆ ರೇಡಿಯೋದಲ್ಲಿ ಬೇಸ್ ಇರುತ್ತಿರಲಿಲ್ಲ, ಅದರ ಮೇಲಿನ ಉಪಸ್ವರಗಳಷ್ಟೇ ಇರುತ್ತಿದ್ದವು. ನಮ್ಮ ಕಿವಿ ಜಾಣ. ಉಪಸ್ವರಗಳನ್ನು ಕೇಳಿ ಇಲ್ಲದ ಕೆಳಸ್ವರವನ್ನು ತಾನೇ ಊಹಿಸಿಕೊಳ್ಳುತ್ತದೆ. ಶಂಕುಕನ ಪ್ರೇಕ್ಷಕ ಭಾವವನ್ನು ಅನುಮಾನಿಸಿದ ಹಾಗೆ ನಮ್ಮ ಹಿರಿಯರು ಬೇಸನ್ನು ಅನುಮಾನಿಸುತ್ತಿದ್ದರು. ಇವತ್ತು ಫೋನಿನಲ್ಲಿ ಹಾಡು ಕೇಳುವ ನನ್ನ ತಂಗಿಯೂ ಮಾಡುತ್ತಿರುವುದು ಅದನ್ನೇ.

1981ರ ‘ಗೀತಾ’ ಚಿತ್ರದ ಹಾಡುಗಳನ್ನು ಊರೆಲ್ಲ ಬಾಯಿಪಾಠ ಮಾಡಿಕೊಂಡಿದೆ. ಇಳಯರಾಜ ಅವರು ಆ ಹಾಡುಗಳಲ್ಲಿ ಬೇಸಿಗೆ ಕೊಟ್ಟಿರುವ ಕೆಲಸ ಏನು ಎಂದು ಕೇಳಿದರೆ ಹೇಳುವವರು ಕಡಿಮೆ. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು, ಮತ್ತೆ ಮತ್ತೆ ಹಿಂದಕ್ಕೆ ಎಳೆದು, ಒಂದೊಂದೇ ಸ್ವರವನ್ನು ಹೆಕ್ಕಿ ಕಲಿತಾಗ ಗೊತ್ತಾಗುವುದು, ಅಲ್ಲಿ ಹಾಡಿನ ಕೆಳಗೆ ಇನ್ನೊಂದು ಹಾಡೇ ಹರಿಯುತ್ತಿದೆ ಎಂದು. ಅದನ್ನು ನಾವು ಪೆಂಡಾಲಿನಲ್ಲಿ ದೊಡ್ಡ ಬಾಕ್ಸುಗಳಲ್ಲಿ ನುಡಿಸಿದಾಗ ನಲವತ್ತು ವರ್ಷದಿಂದ ಆ ಹಾಡನ್ನು ಬಲ್ಲವರು ಅದರ ತಳವನ್ನು ಮೊದಲ ಸಲ ಮೈಯಲ್ಲಿ ಕೇಳಿಸಿಕೊಳ್ಳುತ್ತಾರೆ. ಏನು ಹೊಸದು ಎಂದು ಅವರಿಗೆ ಹೇಳಲು ಬರುವುದಿಲ್ಲ. ‘ಇವತ್ತು ಹಾಡು ತುಂಬ್ಕೊಂಡಿತ್ತು’ ಎನ್ನುತ್ತಾರೆ. ಇಲ್ಲಿ ನಕಲು ಮೂಲಕ್ಕಿಂತ ಮೇಲು ಎಂದು ನಾನು ಹೇಳುತ್ತಿಲ್ಲ. ಮೂಲ ಎಂದು ನಾವು ಕರೆಯುವುದು ಯಾರಿಗೂ ಪೂರ್ತಿ ತಲುಪಿರುವುದಿಲ್ಲ, ತಲುಪದೆ ಉಳಿದದ್ದನ್ನು ತಲುಪಿಸುವ ಕೆಲಸ ಉಳಿದೇ ಇರುತ್ತದೆ ಎನ್ನುತ್ತಿದ್ದೇನೆ. ಭಟ್ಟತೌತನ ಮಾತು ನಮಗೂ ಸಲ್ಲುತ್ತದೆ.

ಹಾಗಾದರೆ ನಕಲಿನಲ್ಲಿ ತಪ್ಪೇ ಇಲ್ಲವೇ? ಇದೆ. ಅದು ನಕಲು ಮಾಡುವುದರಲ್ಲಿಲ್ಲ, ಋಣವನ್ನು ಮುಚ್ಚಿಡುವುದರಲ್ಲಿದೆ. ಕಾನೂನು ನಮ್ಮ ಮಟ್ಟಿಗೆ ಉದಾರಿ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮಿನ ಪ್ರಕಾರ ಹವ್ಯಾಸಿ ಸಂಘವೊಂದು ಟಿಕೆಟ್ ಇಲ್ಲದ ಪ್ರೇಕ್ಷಕರ ಮುಂದೆ ಅಥವಾ ಧಾರ್ಮಿಕ ಸಂಸ್ಥೆಯ ಪ್ರಯೋಜನಕ್ಕಾಗಿ ಹಾಡನ್ನು ಪ್ರಯೋಗಿಸಿದರೆ ಉಲ್ಲಂಘನೆಯಲ್ಲ. ಮದುವೆ ಮೆರವಣಿಗೆಗೂ ವಿನಾಯಿತಿ ಇದೆ. ಆದರೆ ಕಾನೂನು ಬಿಟ್ಟ ಮಾತ್ರಕ್ಕೆ ಋಣ ಹರಿಯುತ್ತದೆಯೇ?

ನಮ್ಮ ನಿರೂಪಕರು ಹೇಳುವುದನ್ನು ಕೇಳಿ: ‘ಈಗ ಅಣ್ಣಾವ್ರ ಹಾಡು!’ ಹಾಡು 1971ರ ‘ಕಸ್ತೂರಿ ನಿವಾಸ’ದ್ದಾಗಿದ್ದರೆ ತೆರೆಯ ಮೇಲೆ ಅಣ್ಣಾವ್ರು, ಕಂಠ ಪಿ.ಬಿ. ಶ್ರೀನಿವಾಸ್ ಅವರದು, ಸಂಗೀತ ಜಿ.ಕೆ. ವೆಂಕಟೇಶ್ ಅವರದು. ಅದರಲ್ಲಿ ಪಿಟೀಲು, ಕೊಳಲು, ತಬಲಾ ನುಡಿಸಿದವರ ಹೆಸರು ಕ್ಯಾಸೆಟ್ಟಿನ ಮೇಲೂ ಇರಲಿಲ್ಲ. ಇದು ನಮ್ಮಲ್ಲಿ ಮಾತ್ರವಲ್ಲ. ಅಮೆರಿಕದ ಮೋಟೌನ್ ಕಂಪನಿಯ ಎಷ್ಟೋ ಜನಪ್ರಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಮತ್ತು ಸಂಗಡಿಗರ ಹೆಸರು ಆ ಕಂಪನಿಯ ಆಲ್ಬಮ್ಮಿನ ಮೇಲೆ ಅಚ್ಚಾಗಲು 1971ರಲ್ಲಿ ಮಾರ್ವಿನ್ ಗೇ ಅವರ ಆಲ್ಬಮ್ ಬರುವವರೆಗೆ ಕಾಯಬೇಕಾಯಿತು. ಪಂಪ ನೆನಪಾಗುತ್ತಾನೆ. ಕನ್ನಡದ ಆದಿಕವಿ ಎನ್ನಿಸಿಕೊಂಡವನು ಬರೆದದ್ದು ವ್ಯಾಸರ ಕಥೆ. ಆ ಋಣವನ್ನು ಕಾವ್ಯದ ಆರಂಭದಲ್ಲೇ ಒಪ್ಪಿಕೊಂಡ, ಅದರಿಂದ ಚಿಕ್ಕವನಾಗಲಿಲ್ಲ. ಕನ್ನಡದ ಮೊದಲ ಉಪಲಬ್ಧ ಗ್ರಂಥ ‘ಕವಿರಾಜಮಾರ್ಗ’ಕ್ಕೆ ದಂಡಿಯ ‘ಕಾವ್ಯಾದರ್ಶ’ ಆಧಾರ. ಇನ್ನೊಬ್ಬರದನ್ನು ನಮ್ಮ ಜನಕ್ಕೆ ನಮ್ಮ ಹಾಗೆ ಹೇಳುವುದರಿಂದಲೇ ಶುರುವಾದ ಸಾಹಿತ್ಯ ನಮ್ಮದು. ಹಗಲಿನ ನಿಯಮಕ್ಕೂ ರಾತ್ರಿಯ ನಿಯಮಕ್ಕೂ ಜಗಳವಿಲ್ಲ ಎಂದು ನನಗೆ ಹೊಳೆದದ್ದು ಇಲ್ಲಿ. ಹೆಸರು ಹೇಳುವ ತನಕ ಎರಡೂ ಕಡೆ ಕಳ್ಳತನವಿಲ್ಲ.

ಆರ್ಕೆಸ್ಟ್ರಾದವರ ಪರ ವಹಿಸುವವರು ಸಾಮಾನ್ಯವಾಗಿ ಹೇಳುವ ಸಮಾಧಾನ ಬೇರೆ. ‘ಬೀಟಲ್ಸ್ ಕೂಡ ಹ್ಯಾಂಬರ್ಗಿನ ಕ್ಲಬ್ಬುಗಳಲ್ಲಿ ಬೇರೆಯವರ ಹಾಡು ಹಾಡಿಯೇ ಬೆಳೆದದ್ದು’ ಎನ್ನುತ್ತಾರೆ. ನಿಜ. 1963ರ ಅವರ ಮೊದಲ ಆಲ್ಬಮ್ಮಿನ 14 ಹಾಡುಗಳಲ್ಲಿ 6 ಬೇರೆಯವರವೇ. ಆದರೆ ಈ ಸಮಾಧಾನ ನನಗೆ ಬೇಡ. ಅದು ಆ ಹಳೆಯ ತೀರ್ಪನ್ನೇ ಎತ್ತಿ ಹಿಡಿಯುತ್ತದೆ. ಹಾಗೆ ನೋಡಿದರೆ ಬೀಟಲ್ಸ್ ಆಗದ ಸಾವಿರಾರು ಜನರ ರಾತ್ರಿಗಳೆಲ್ಲ ವ್ಯರ್ಥ. ಯಾವುದೋ ಒಂದು ದಿನ ಆಗಬಹುದಾದ ಸ್ವಂತ ಹಾಡಿನಿಂದ ಈ ರಾತ್ರಿಯ ಕೆಲಸಕ್ಕೆ ಬೆಲೆ ಕಟ್ಟುವುದಾದರೆ, ಈ ರಾತ್ರಿ ಮುಂದೆ ಕುಳಿತಿರುವವರು ನಮ್ಮ ಅಭ್ಯಾಸಕ್ಕೆ ಒದಗಿದ ಸಾಮಗ್ರಿಯಷ್ಟೇ ಆಗುತ್ತಾರೆ. ಅವರನ್ನು ಹಾಗೆ ಕಾಣುವುದು ಸರಿಯಲ್ಲ.

ಈಗ ಇನ್ನೊಂದು ದಿಕ್ಕಿನಿಂದ ಸವಾಲು ಬಂದಿದೆ. ಕಮಿಟಿಯವರು ಇತ್ತೀಚೆಗೆ ಬ್ಯಾಂಡ್ ಬಿಟ್ಟು ಇಬ್ಬರು ಗಾಯಕರನ್ನು ಕರೆಸುತ್ತಾರೆ. ವಾದ್ಯಗಳೆಲ್ಲ ಟ್ರ್ಯಾಕ್‌ನಲ್ಲಿ, ಲ್ಯಾಪ್‌ಟಾಪಿನಿಂದ. ಬಜೆಟ್ ಕಡಿಮೆಯಾದಾಗ ಮೊದಲು ಬಿಡುವುದು ಬೇಸಿನವರನ್ನು. ‘ಕೀಬೋರ್ಡಿನ ಎಡಗೈಲೇ ಬರುತ್ತಲ್ಲ ಸರ್’ ಎನ್ನುತ್ತಾರೆ. ಟ್ರ್ಯಾಕನ್ನು ನಾನು ಬೈಯಲಾರೆ. ಬ್ಯಾಂಡಿಗೆ ದುಡ್ಡು ಹೊಂದಿಸಲಾಗದ ಎಷ್ಟೋ ಹುಡುಗಿಯರು, ಹುಡುಗರು ಅದರಿಂದಲೇ ವೇದಿಕೆ ಕಂಡಿದ್ದಾರೆ. ಹೋಲಿಕೆಯೇ ಗುರಿಯಾದರೆ ನಮಗಿಂತ ಟ್ರ್ಯಾಕೇ ಮೇಲು, ಅದರಲ್ಲಿ ತಪ್ಪು ಸ್ವರವೇ ಬರುವುದಿಲ್ಲ. ಹಾಗಾದರೆ ಮನುಷ್ಯರು ಕೂತು ನುಡಿಸಿದರೆ ಏನು ಹೆಚ್ಚು?

2023ರ ಆರಂಭದಲ್ಲಿ ಭದ್ರಾವತಿಯ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿದ್ದು ಊರೆಲ್ಲ ಕುದಿಯುತ್ತಿತ್ತು. ಕಾಗದದ ಕಾರ್ಖಾನೆಯಲ್ಲಿ 2015ರಲ್ಲೇ ಉತ್ಪಾದನೆ ನಿಂತಿತ್ತು. ಆ ವರ್ಷದ ಗಣಪತಿಗೆ ಅಲ್ಲಿನ ಒಂದು ಬಡಾವಣೆಯಲ್ಲಿ ನಮ್ಮ ಕಾರ್ಯಕ್ರಮ. ನಡುವೆ ಕಮಿಟಿಯ ಹುಡುಗನೊಬ್ಬ ಬಂದು ನನ್ನ ಕಿವಿಯಲ್ಲಿ, ‘ಅಣ್ಣ, ನಮ್ಮ ಯಜಮಾನ್ರು ಒಂದು ಹಾಡು ಹಾಡ್ತಾರಂತೆ. ಫ್ಯಾಕ್ಟರಿಲಿ ಇದ್ದೋರು. ಸ್ವಲ್ಪ ನೋಡ್ಕೊಳ್ಳಿ’ ಎಂದ. ಎಪ್ಪತ್ತು ದಾಟಿದವರು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಜಿ.ಕೆ. ವೆಂಕಟೇಶ್ ಅವರ ಹಾಡೊಂದನ್ನು ಪಲ್ಲವಿ ಬಿಟ್ಟು ಚರಣದಿಂದಲೇ ಎತ್ತಿಕೊಂಡರು. ಶ್ರುತಿ ನಮ್ಮದಲ್ಲ. ಕೀಬೋರ್ಡಿನವನು ಎರಡು ಗುಂಡಿ ಒತ್ತಿ ಅವರ ಶ್ರುತಿಗೆ ಬಂದ, ನಾನು ಕೈಯನ್ನು ಒಂದು ಮನೆ ಕೆಳಗಿಳಿಸಿದೆ. ಎರಡನೆಯ ಚರಣ ಮರೆತು ಮೊದಲನೆಯದನ್ನೇ ಮತ್ತೆ ಹಾಡಿದರು. ಒಂದು ಕಡೆ ಉಸಿರು ಸಿಕ್ಕದೆ ಎರಡು ಮಾತ್ರೆ ನಿಂತರು. ತಬಲಾದವನು ಅಲ್ಲೇ ಸುತ್ತಿದ. ನಾನು ಒಂದೇ ಸ್ವರ ಹಿಡಿದುಕೊಂಡು ಅವರ ಬಾಯನ್ನೇ ನೋಡುತ್ತ ನಿಂತೆ. ಮುಗಿದ ಮೇಲೆ ಚಪ್ಪಾಳೆ ಬಿತ್ತು. ಅವರು ಇಳಿಯುವಾಗ ನಮ್ಮ ಕಡೆ ತಿರುಗಿ, ‘ಬಿಟ್ಟು ಮುಂದಕ್ಕೆ ಹೋಗ್ಲಿಲ್ಲ ಕಣ್ರಪ್ಪ ನೀವು’ ಎಂದರು.

ಹುಡುಗ ಹೇಳಿದ ‘ನೋಡ್ಕೊಳ್ಳಿ’ ಎಂಬ ಮಾತನ್ನು ನಾವು ಮಗುವಿನ ಬಗ್ಗೆ, ಕಾಯಿಲೆಯವರ ಬಗ್ಗೆ ಬಳಸುತ್ತೇವೆ. ಟ್ರ್ಯಾಕಿಗೆ ನೋಡಿಕೊಳ್ಳಲು ಬರುವುದಿಲ್ಲ. ಅದು ಮುಂದಕ್ಕೆ ಹೋಗುತ್ತದೆ. ನಿಷ್ಠೆ ಎಂದರೆ ಕ್ಯಾಸೆಟ್ಟಿಗೆ ತೋರಿಸುವ ನಿಷ್ಠೆಯೇ ಆಗಿದ್ದರೆ ಅವತ್ತು ನಾವು ನುಡಿಸಿದ್ದೆಲ್ಲ ತಪ್ಪು: ಶ್ರುತಿ ತಪ್ಪು, ಕ್ರಮ ತಪ್ಪು, ಲೆಕ್ಕ ತಪ್ಪು. ಆದರೂ ಆ ಹಾಡಿಗೆ ನಾನು ಅಷ್ಟು ನಿಷ್ಠನಾಗಿ ನುಡಿಸಿದ್ದು ಕಡಿಮೆ ಎಂದೇ ನನಗೆ ಅನ್ನಿಸುತ್ತದೆ.

ಯಾಕೆ ಹಾಗೆ ಎಂದು ವಿವರಿಸಲು ನಮ್ಮಲ್ಲೇ ಒಂದು ಹಳೆಯ ವಿಚಾರವಿದೆ. ವೈದಿಕ ಸಾಹಿತ್ಯ ಹೇಳುವಂತೆ ಮನುಷ್ಯ ಹುಟ್ಟುವಾಗಲೇ ಮೂರು ಋಣ ಹೊತ್ತು ಬರುತ್ತಾನೆ. ದೇವಋಣ, ಋಷಿಋಣ, ಪಿತೃಋಣ. ಅದನ್ನು ಯಾವ ಯಾವ ಕಟ್ಟುಪಾಡಿಗೆ ಬಳಸಿಕೊಂಡರು ಎಂಬುದು ಬೇರೆ ಚರ್ಚೆ. ನನಗೆ ಬೇಕಾದದ್ದು ಅದರೊಳಗಿನ ಒಂದು ಸೂಕ್ಷ್ಮ: ಹಿಂದಿನವರಿಂದ ಪಡೆದ ಋಣವನ್ನು ಅವರಿಗೇ ಮರಳಿಸಲು ಬರುವುದಿಲ್ಲ. ಪಿತೃಋಣ ತೀರುವುದು ಮಕ್ಕಳ ಮೂಲಕ, ಋಷಿಋಣ ತೀರುವುದು ಕಲಿತು ಮುಂದಿನವರಿಗೆ ಉಳಿಸುವುದರ ಮೂಲಕ. ಜಿ.ಕೆ. ವೆಂಕಟೇಶ್ ಅವರಿಗೆ ನಾನು ಏನು ಕೊಡಬಲ್ಲೆ? ಅವರ ಋಣವನ್ನು ಆ ಬಿಳಿ ಅಂಗಿಯವರಿಗೆ ಕೊಡಬಲ್ಲೆ. ಹಾಡು ಮಾಡಿದವರ ಋಣ ತೀರುವುದು ಹಾಡು ಬೇಕಾದವರ ಮುಂದೆ. ಅದಕ್ಕೆ ಬೇಕಾದದ್ದು ಎರಡು: ಎಲ್ಲಿಂದ ಬಂತು ಎಂದು ಹೇಳುವ ಪ್ರಾಮಾಣಿಕತೆ ಮತ್ತು ಯಾರಿಗೆ ಕೊಡುತ್ತಿದ್ದೇವೆ ಎಂದು ನೋಡುವ ಕಣ್ಣು. ಸ್ವಂತಿಕೆ ಇದ್ದರೆ ಒಳ್ಳೆಯದೇ, ಆದರೆ ಇವೆರಡರ ಜಾಗದಲ್ಲಿ ಅದು ನಿಲ್ಲಲಾರದು. ಸ್ವಂತ ಹಾಡನ್ನೂ ಎದುರಿಗಿರುವವರನ್ನು ನೋಡದೆ ನುಡಿಸಿಬಿಡಬಹುದು.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ, ಅದನ್ನು ಮರೆಸಿ ಮುಂದೆ ಹೋಗಲಾರೆ. ಎಲ್ಲ ಪೆಂಡಾಲಿನಲ್ಲೂ ಅದೇ ಮೂವತ್ತು ಹಾಡುಗಳು ತಿರುಗುತ್ತಿದ್ದರೆ ಊರಿನಲ್ಲಿ ಹೊಸದಾಗಿ ಬರೆಯುವ, ರಾಗ ಹಾಕುವ ಹುಡುಗಿಗೆ ಜಾಗವೆಲ್ಲಿ? ಮುಂದಿನ ತಲೆಮಾರಿನ ಆರ್ಕೆಸ್ಟ್ರಾ ನುಡಿಸಲು ಈ ತಲೆಮಾರು ಏನನ್ನು ಬಿಟ್ಟುಹೋಗುತ್ತದೆ? ಋಣವನ್ನು ಮುಂದಕ್ಕೆ ತೀರಿಸುವುದೇ ನಿಜವಾದರೆ ಈ ಹುಡುಗಿಗೂ ಅದರಲ್ಲಿ ಪಾಲಿದೆ. ಚೀಟಿಯಲ್ಲಿ ಬಂದದ್ದನ್ನಷ್ಟೇ ನುಡಿಸಿದೆವು ಎಂದು ಕೈ ತೊಳೆದುಕೊಳ್ಳಲು ಬರುವುದಿಲ್ಲ. ಯಾವ ಹಾಡು ಎಂಬುದನ್ನು ಪಟ್ಟಿ ಮಾಡುವವರು ನಾವೇ. ಇನ್ನೊಬ್ಬರ ಹಾಡನ್ನು ನುಡಿಸುವವರು ಪೂರ್ತಿಯಾಗಿ ತಮ್ಮದೇ ಎಂದು ಹೇಳಬಹುದಾದ ಕೆಲಸ ಅದೊಂದೇ, ಅದಕ್ಕೆ ನೆಪ ಹೇಳುವಂತಿಲ್ಲ.

ಹಾಗಾಗಿ ನಮ್ಮ ತಂಡದಲ್ಲಿ ಈಗ ಎರಡು ಬದಲಾವಣೆಗಳ ಬಗ್ಗೆ ಜಗಳ ನಡೆಯುತ್ತಿದೆ. ಪ್ರತಿ ಕಾರ್ಯಕ್ರಮದ ಮಧ್ಯದಲ್ಲಿ, ಜನ ಕದಲದ ಹೊತ್ತಿನಲ್ಲಿ, ಯಾರೂ ಕೇಳದ ಒಂದು ಸ್ಥಳೀಯ ಹಾಡು ಇರಬೇಕು ಎಂಬುದು ಒಂದು. ಅದಕ್ಕೆ ಎಲ್ಲರೂ ಅರೆಮನಸ್ಸಿನಿಂದ ಒಪ್ಪಿದ್ದಾರೆ. ಪ್ರತಿ ಹಾಡಿಗೂ ಬರೆದವರು, ರಾಗ ಹಾಕಿದವರು, ಮೊದಲು ಹಾಡಿದವರ ಹೆಸರು ಹೇಳಬೇಕು ಎಂಬುದು ಇನ್ನೊಂದು. ನಮ್ಮ ನಿರೂಪಕರು ಒಪ್ಪುತ್ತಿಲ್ಲ. ‘ಒಂದೊಂದಕ್ಕೆ ಅರ್ಧ ನಿಮಿಷ ಅಂದ್ರೂ ಇಪ್ಪತ್ತೈದು ಹಾಡಿಗೆ ಹನ್ನೆರಡೂವರೆ ನಿಮಿಷ ಹೋಯ್ತು. ಹತ್ತು ಗಂಟೆಗೆ ಪೊಲೀಸ್ನೋರು ಬರ್ತಾರೆ. ಅಷ್ಟರಲ್ಲಿ ಇನ್ನೂ ಎರಡು ಹಾಡು ಆಗ್ತಿತ್ತಲ್ಲ’ ಎಂಬುದು ಅವರ ಲೆಕ್ಕ. ಲೆಕ್ಕ ಸರಿಯಾಗಿಯೇ ಇದೆ. ಆ ಎರಡು ಹಾಡು ಬಿಟ್ಟರೂ ಪರವಾಗಿಲ್ಲ ಎಂದು ನಾನು ಹೇಳುತ್ತಿದ್ದೇನೆ.